ಬ್ರೇಕಿನ ವ್ಯಾಸಂಗ

ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ರಸ್ತೆಗಳು ಮುರಕಲ್ಲಿನ ಪದವುಗಳ ನೆತ್ತಿಯ ಮೇಲೆ ಹಾದುಹೋಗುವುವು. ಮನೆಗಳಾದರೋ, ನೀರಿರುವಲ್ಲಿ ತೋಟ, ತೋಟವಿರುವಲ್ಲಿ ಮನೆ ಎಂಬ ಹಿರಿಯರ ಲೆಕ್ಕಾಚಾರವನ್ನನುಸರಿಸಿ ಬೈಲಿನ ತಳದಲ್ಲಿ ಅಡಿಕೆಮರಗಳ ನಡುವೆ ಅಡಗಿಕೊಂಡಿರುವುವು. ಆದುದರಿಂದ ಇಲ್ಲಿ ಕಾರನ್ನಿಟ್ಟುಕೊಂಡ ಗೃಹಸ್ಥನು ಬೆಳಗ್ಗೆ ಹೊರಡುವಾಗ ಏರಬೇಕು, ಸಂಜೆ ಮರಳುವಾಗ ಇಳಿಯಬೇಕು. ಏರುವುದಕ್ಕೆ ಇಂಜಿನ್ನಿನ ಸತ್ತ್ವ ಸಾಕು, ಇಳಿಯುವುದಕ್ಕೆ ಬ್ರೇಕಿನ ಸತ್ಯಸಂಧತೆಯೇ ಬೇಕು. ಅದೂ ಎಂತಹ ಇಳಿಜಾರು! ಬೇಸಗೆಯಲ್ಲಿ ಕೆಂಪು ಹುಡಿ, ಮಳೆಗಾಲದಲ್ಲಿ ಪಾಚಿ, ಕೊನೆಯ ತಿರುವಿನಲ್ಲಿ ತೋಡಿಗೆ ಅಡ್ಡಲಾಗಿ ಒಂದು ಸಣ್ಣ ಸಂಕ, ಸಂಕದಾಚೆ ನೇರವಾಗಿ ದನದ ಕೊಟ್ಟಿಗೆ. ಇಂತಹ ದಾರಿಯ ಕೆಳತುದಿಯಲ್ಲಿ ಬಾಳಿದವನು ಬ್ರೇಕಿನ ವಿಷಯದಲ್ಲಿ ಉದಾಸೀನನಾಗಿರುವುದು ಸಾಧ್ಯವೇ ಇಲ್ಲ.

ನಾನು ಕಾರು ಕೊಂಡುದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರ ಆಸುಪಾಸಿನಲ್ಲಿ. ಬದಿಯಡ್ಕದ ಸಮೀಪದ ಒಂದು ಕನ್ನಡ ಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ನನಗೆ ಹೊಸ ಕಾರನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಶಕ್ತಿಯಿದ್ದವರೂ ಆ ಕಾಲದಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದಿರಬೇಕಾಗಿದ್ದಿತು. ಮಂಗಳೂರಿನಲ್ಲಿ ಎರಡು ಕೈ ದಾಟಿದ್ದ ಒಂದು ಪ್ರೀಮಿಯರ್ ಪದ್ಮಿನಿಯನ್ನು ತಲಪಾಡಿಯ ಗಡಿ ದಾಟಿಸಿ ತಂದೆನು. ಇಟಲಿಯ ಫಿಯೆಟ್ 1100 ಕಾರು ಮುಂಬಯಿಯ ಕುರ್ಲಾದಲ್ಲಿ ತಳೆದ ಭಾರತೀಯ ಅವತಾರವಿದು: 1089 ಸಿ.ಸಿ. ಇಂಜಿನ್ನು, ಸ್ಟಿಯರಿಂಗ್ ಕಂಬಕ್ಕೇ ಜೋಡಿಸಿದ ಗೇರು, ಮೂವರು ಒತ್ತಾಗಿ ಕುಳಿತುಕೊಳ್ಳಬಹುದಾದ ಉದ್ದನೆಯ ಮುಂದಿನ ಆಸನ, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ನೋಡಲು ಬಂದ ನೆಂಟರಿಷ್ಟರೆಲ್ಲರೂ ಲೀಟರಿಗೆ ಎಷ್ಟು ಕೊಡುತ್ತದೆ, ಎಷ್ಟು ಜನ ಹಿಡಿಯುತ್ತಾರೆ, ಅಡಿಕೆ ಮೂಟೆ ಹಾಕಬಹುದೋ ಎಂದು ವಿಚಾರಿಸಿದರೇ ಹೊರತು, ಹೇಗೆ ನಿಲ್ಲುತ್ತದೆಂದು ಕೇಳಿದವರು ಒಬ್ಬರೂ ಇರಲಿಲ್ಲ. ಕಾರಿನ ಕುರಿತಾದ ನಮ್ಮ ಜನರ ಕುತೂಹಲವು ಇಂದಿಗೂ ಬಹುಮಟ್ಟಿಗೆ ಅಲ್ಲಿಯೇ ಇದೆ.

ಗ್ಯಾರೇಜಿನ ಮೇಸ್ತ್ರಿ ಉಪ್ಪಳದ ಕಡೆಯವರು. ಮೀಸೆ ಮೂಡುವ ಮುನ್ನವೇ ಮುಂಬಯಿಗೆ ಹೋಗಿ, ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳ ಅಡಿಯಲ್ಲಿ ಮಲಗಿ ವಿದ್ಯೆ ಕಲಿತು, ಊರಿಗೆ ಮರಳಿ ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ದಾರಿಯಲ್ಲಿ ಒಂದು ಶೆಡ್ಡನ್ನು ಕಟ್ಟಿಕೊಂಡಿದ್ದರು. ಆ ಟ್ಯಾಕ್ಸಿಗಳಲ್ಲಿ ಬಹುಪಾಲು ಇದೇ ಫಿಯೆಟ್ ವಂಶದವಾದುದರಿಂದ ಅವರಿಗೆ ನನ್ನ ಕಾರಿನ ಒಂದೊಂದು ನಟ್ಟೂ ಪೂರ್ವಪರಿಚಿತ. ನನ್ನೊಡನೆ ಕನ್ನಡ, ಕೆಲಸದ ಹುಡುಗರೊಡನೆ ಮಲೆಯಾಳ, ಸಿಟ್ಟು ಬಂದಾಗ ತುಳು, ತುಕ್ಕು ಹಿಡಿದ ಬೋಲ್ಟಿನೊಡನೆ ಮಾತ್ರ ಮುಂಬಯಿಯ ಹಿಂದೂಸ್ತಾನಿ. ಬ್ರೇಕು ಹಾಕಿದಾಗ ಕೇಳಿಬರುತ್ತಿದ್ದ ಕಿರುಚುವ ಶಬ್ದವನ್ನು ನಾನು ವರ್ಣಿಸತೊಡಗಿದಾಗ ಅವರು ಅರ್ಧದಲ್ಲಿಯೇ ತಡೆದು, ಮುಂದಿನ ಎಡಚಕ್ರದ ಡ್ರಮ್ಮನ್ನು ಕಳಚಿ ನನ್ನ ಕೈಗೇ ಕೊಟ್ಟರು. ಒಳಗೋಡೆಯಲ್ಲಿ ಬೆರಳಿಗೆ ತಟ್ಟುವಷ್ಟು ಆಳದ ಗೀರುಗಳಿದ್ದುವು.

“ಮಾಷ್ಟ್ರೇ, ಲೈನರು ಮುಗಿದು ರಿವೆಟ್ಟು ಡ್ರಮ್ಮಿಗೆ ತಾಗಿದೆ ನೋಡಿ. ಇದನ್ನು ಲೇತಿಗೆ ಕೊಡದೆ ಹೊಸ ಲೈನರು ಹೊಡೆಸಿದ್ರೆ ಸುಖ ಇಲ್ಲ” ಎಂದರು.

ಪಾಸ್ಕಲನ ನಿಯಮವನ್ನು ವರ್ಷಾನುವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದವನು ನಾನು; ಅದು ಲೋಹವಾಗಿ ಮೈತಳೆದು ಕೆಲಸಮಾಡುವುದನ್ನು ಕಂಡುದು ಆ ಶೆಡ್ಡಿನಲ್ಲಿ. ಪೆಡಲನ್ನೊತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಸಣ್ಣ ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ಸಮನಾಗಿ ಹರಿದು, ಅಲ್ಲಿನ ವೀಲ್ ಸಿಲಿಂಡರಿನ ಪಿಸ್ಟನ್ನುಗಳನ್ನು ಹೊರನೂಕುವುದು. ಅವು ಅರ್ಧಚಂದ್ರಾಕೃತಿಯ ಶೂಗಳನ್ನು ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುವುವು. ಡ್ರಮ್ಮಿನ ಭ್ರಮಣವೇ ಶೂವನ್ನು ತನ್ನೆಡೆಗೆ ಇನ್ನಷ್ಟು ಸೆಳೆದುಕೊಳ್ಳುವುದರಿಂದ ಹಾಕಿದ ಬಲಕ್ಕಿಂತ ಹೆಚ್ಚಿನ ಹಿಡಿತ ದೊರೆಯುವುದು. ಈ ಚಾತುರ್ಯಕ್ಕಾಗಿಯೇ 1902ರಲ್ಲಿ ಲೂಯಿ ರೆನೋ ರೂಪಿಸಿದ ಡ್ರಮ್ ಬ್ರೇಕು ಅರ್ಧಶತಮಾನಕ್ಕೂ ಮಿಕ್ಕಿ ಜಗತ್ತಿನ ಕಾರುಗಳನ್ನು ಆಳಿತು. ಆದರೆ ಡ್ರಮ್ಮಿಗೂ ಶೂವಿನ ಮೇಲೆ ಹೊಡೆದ ಲೈನರಿಗೂ ಮೈಗೆ ಮೈ ಕೂಡಬೇಕು. ಲೇತಿನಲ್ಲಿ ಕಡೆಸಿದ ಡ್ರಮ್ಮು ತೆಳ್ಳಗಾಗುವುದರಿಂದ ಅದನ್ನು ಒಂದು ಮಿತಿಯಾಚೆಗೆ ಕಡೆಸಲಾಗದು. ನನ್ನ ನಾಲ್ಕರಲ್ಲಿ ಎರಡು ಡ್ರಮ್ಮುಗಳು ಆ ಮಿತಿಯನ್ನು ದಾಟಿದ್ದುವು. ಅವನ್ನು ಗುಜರಿಗೆ ಹಾಕಿ, ಮಂಗಳೂರಿನಿಂದ ಹೊಸವನ್ನು ತರಿಸಬೇಕಾಯಿತು. ಆ ತಿಂಗಳ ಸಂಬಳದಲ್ಲಿ ಉಳಿದುದೆಷ್ಟೆಂದು ಹೇಳಲು ಇಂದಿಗೂ ಸಂಕೋಚ.

ಲೈನರಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ, ಡರ್ಬಿಷೈರಿನ ಗುಡ್ಡಗಳನ್ನಿಳಿಯುವ ಕುದುರೆಗಾಡಿಯವರು ಹಳೆಯ ಬೂಟಿನ ಚರ್ಮವನ್ನು ಚಕ್ರಕ್ಕೆ ಒತ್ತಿ ವೇಗ ತಗ್ಗಿಸುವುದನ್ನು ಕಂಡು, ಘರ್ಷಣೆಗೆಂದೇ ಪ್ರತ್ಯೇಕ ವಸ್ತುವನ್ನು ತಯಾರಿಸತೊಡಗಿದನೆಂದು ಆ ಉದ್ಯಮದ ಇತಿಹಾಸ ಹೇಳುತ್ತದೆ. ಅನಂತರ ಕಲ್ನಾರು ಬಂದಿತು. ಶಾಖಕ್ಕೆ ಬೆದರದ, ಅಗ್ಗದ, ಬಾಳಿಕೆಯ ಆ ವಸ್ತು ದಶಕಗಳ ಕಾಲ ಎಲ್ಲ ಲೈನರುಗಳ ಜೀವಾಳವಾಯಿತು. ಅದರ ಹುಡಿ ಶ್ವಾಸಕೋಶಕ್ಕೆ ಮಾರಕವೆಂಬುದು ವೈದ್ಯರಿಗೆ ತಿಳಿದಿದ್ದರೂ ನಮ್ಮ ಶೆಡ್ಡುಗಳವರೆಗೆ ಆ ಸುದ್ದಿ ಬಂದು ತಲುಪಿದುದು ಬಹಳ ತಡವಾಗಿ. ಡ್ರಮ್ಮನ್ನು ಕಳಚಿದೊಡನೆ ಹುಡುಗರು ಬಾಯಿಂದ ‘ಫೂ’ ಎಂದು ಊದುತ್ತಿದ್ದರು, ಇಲ್ಲವೇ ಪಂಪಿನ ಗಾಳಿಯನ್ನು ಬಿಡುತ್ತಿದ್ದರು. ಬೂದುಬಣ್ಣದ ಆ ಹುಡಿಯ ನಡುವೆ ನಾನೂ ಚಹಾ ಕುಡಿಯುತ್ತ ಕುಳಿತಿದ್ದುಂಟು. ಇಂದು ಕಲ್ನಾರಿಲ್ಲದ ಲೈನರುಗಳು ಧಾರಾಳವಾಗಿ ದೊರೆಯುತ್ತವೆಯಾದರೂ ಹಳೆಯ ಗಾಡಿಯ ಡ್ರಮ್ಮನ್ನು ಬಿಚ್ಚುವಾಗ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಕ್ಷೇಮ.

ಹೊಸ ಲೈನರಿನ ಸುಖವನ್ನು ಒಂದು ಬೇಸಗೆ ಅನುಭವಿಸಿದೆನು. ಬಳಿಕ ಮಳೆಗಾಲ ಬಂದಿತು. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೂ ಮಿಕ್ಕಿದ್ದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಪಳ್ಳತ್ತಡ್ಕದಂತಹ ತಗ್ಗುಗಳಲ್ಲಿ ಚಕ್ರದ ಗುಂಬ ಮುಳುಗುವಷ್ಟು ನೀರು ನಿಂತಿರುವುದು ಆಗ ಅಪರೂಪವೇನಾಗಿರಲಿಲ್ಲ. ಡ್ರಮ್ಮಿನೊಳಗೆ ಹೊಕ್ಕ ನೀರು ಬೇಗನೆ ಹೊರಬಾರದು. ಲೈನರಿನ ಮೇಲೆ ತೆಳುವಾದ ಪದರವಾಗಿ ನಿಂತು ಘರ್ಷಣೆಯನ್ನೇ ನುಂಗಿಬಿಡುವುದು. ನೀರಿನಿಂದ ಮೇಲೆದ್ದು ಮೊದಲ ಸಲ ಪೆಡಲನ್ನೊತ್ತಿದಾಗ, ಕಾಲು ಗಟ್ಟಿಯಾಗಿ ನಿಂತಿದೆ, ಕಾರು ಮಾತ್ರ ನಿಂತಿಲ್ಲ ಎಂಬ ವಿಚಿತ್ರ ಅನುಭವವಾಗುತ್ತಿದ್ದಿತು. ಒಂದು ಚಕ್ರ ಬೇಗ ಒಣಗಿ ಇನ್ನೊಂದು ಒದ್ದೆಯಾಗಿಯೇ ಉಳಿದರಂತೂ ಕಾರು ಒಣಗಿದ ಕಡೆಗೆ ಮೋರೆ ತಿರುಗಿಸಿ ಎಳೆಯುವುದು. ನೀರು ದಾಟಿದ ಬಳಿಕ ನೂರಿನ್ನೂರು ಗಜ ದೂರ ಪೆಡಲನ್ನು ಮೆಲ್ಲನೆ ಒತ್ತಿಕೊಂಡೇ ಓಡಿಸಿ ಆ ಶಾಖದಿಂದಲೇ ಲೈನರನ್ನು ಒಣಗಿಸುವ ಉಪಾಯವನ್ನು ಮೇಸ್ತ್ರಿಗಳು ಹೇಳಿಕೊಟ್ಟರು. ಡ್ರಮ್ ಬ್ರೇಕಿನ ಗಾಡಿಗಳಿರುವವರೆಗೂ ಈ ಉಪಾಯ ಸಲ್ಲುತ್ತದೆ.

ನೀರಿಗಿಂತ ಹೆಚ್ಚಿನ ಪಾಠವನ್ನು ಕಲಿಸಿದುದು ಬೆಂಕಿ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆಂದು ಸಂಸಾರ ಸಮೇತನಾಗಿ ತಲಕಾವೇರಿಗೆ ಹೋದವನು ಮರಳುವಾಗ ಮಡಿಕೇರಿಯಿಂದ ಸಂಪಾಜೆಯ ಘಾಟಿಯನ್ನು ಇಳಿಯುತ್ತಿದ್ದೆನು. ಸುಳ್ಯಕ್ಕೆ ಬಂದು, ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿ, ಆದೂರು ಮುಳ್ಳೇರಿಯಗಳ ಮೂಲಕ ಊರು ಸೇರುವುದು ನಮ್ಮ ದಾರಿ. ಮುಂದೆ ಮರದ ದಿಮ್ಮಿ ಹೇರಿದ ಒಂದು ಲಾರಿ ಆಮೆನಡಿಗೆಯಲ್ಲಿ ಇಳಿಯುತ್ತಿದ್ದುದರಿಂದ ಪ್ರತಿ ತಿರುವಿನಲ್ಲಿಯೂ ಬ್ರೇಕನ್ನು ಒತ್ತುವುದು ಅನಿವಾರ್ಯವಾಗಿದ್ದಿತು. ಅರ್ಧ ಘಾಟಿ ಇಳಿದಿರಬಹುದು. ಸುಟ್ಟ ವಾಸನೆ ಮೂಗಿಗೆ ಅಡರಿತು. ಮುಂದಿನ ತಿರುವಿನಲ್ಲಿ ಒತ್ತಿದ ಪೆಡಲು ಯಾವ ಪ್ರತಿರೋಧವನ್ನೂ ತೋರದೆ ನೆಲದವರೆಗೆ ಹೋಯಿತು. ಎರಡನೆಯ ಗೇರಿಗೆ ಇಳಿಸಿ, ಎಣ್ಣೆಯ ಹಂಗಿಲ್ಲದ ಹ್ಯಾಂಡ್ ಬ್ರೇಕನ್ನು ಎಳೆದು, ಗುಡ್ಡದ ಬದಿಯ ಚರಂಡಿಗೆ ಎಡಚಕ್ರಗಳನ್ನು ಇಳಿಸಿದಾಗ ಕಾರು ನಿಂತಿತು. ಹಿಂದಿನ ಆಸನದಲ್ಲಿದ್ದ ನನ್ನ ತಾಯಿಯವರು ತೀರ್ಥದ ಕೊಡವನ್ನು ತಬ್ಬಿಕೊಂಡೇ, ಇಲ್ಲೇನು ನೋಡುವಂಥಾದ್ದು ಇದೆಯೆಂದು ವಿಚಾರಿಸಿದರು. ಅರ್ಧ ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲು ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿದ್ದಿತು.

ಈ ಪವಾಡದ ಕಾರಣವನ್ನು ಮನೆಗೆ ಬಂದು ಲೆಕ್ಕ ಹಾಕಿದೆನು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 1,000 ಮೀಟರಿನ ಇಳಿತ. ಜನ ತುಂಬಿದ ಕಾರಿನ ತೂಕ 1,200 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 1 ಕೋಟಿ 17 ಲಕ್ಷ ಜೂಲ್. ಅಷ್ಟು ಶಕ್ತಿಯಿಂದ 37 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು, ಎಂದರೆ ನಮ್ಮ ಬಚ್ಚಲಿನ ಹಂಡೆಯ ನೀರು ಬಹುಪಾಲು. ಗೇರಿನಲ್ಲಿಟ್ಟು ಇಳಿಸಿದರೆ ಇದರಲ್ಲಿ ಒಂದು ಪಾಲನ್ನು ಇಂಜಿನ್ನೂ ಇನ್ನೊಂದು ಪಾಲನ್ನು ಎದುರುಗಾಳಿಯೂ ಹೊತ್ತುಕೊಳ್ಳುವುವು. ನ್ಯೂಟ್ರಲಿನಲ್ಲಿ ಬಿಟ್ಟರೆ ಬಹುತೇಕ ಎಲ್ಲವೂ ನಾಲ್ಕು ಕಬ್ಬಿಣದ ಡಬ್ಬಿಗಳ ತಲೆಯ ಮೇಲೆಯೇ. ಪೆಟ್ರೋಲು ಉಳಿಸಲೆಂದು ಇಂಜಿನ್ನನ್ನೇ ಆರಿಸಿ ಘಾಟಿಯಿಳಿಯುವ ಜಾಣರು ನಮ್ಮ ಕಡೆ ಹಲವರಿದ್ದರು. ಅವರಿಗೆ ಈ ಲೆಕ್ಕವನ್ನು ಹೇಳಿದರೆ ನಗುತ್ತಿದ್ದರು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದು, ಕಾದ ಲೈನರು ತನ್ನ ಹಿಡಿತವನ್ನು ಕಳೆದುಕೊಳ್ಳುವುದು. ಇವೆರಡನ್ನೂ ಕಾಲು ಅರಿಯುವುದು, ಒತ್ತಿದಷ್ಟಕ್ಕೆ ಸ್ವಲ್ಪವಾದರೂ ಉತ್ತರ ಬರುವುದು. ಪೆಡಲೇ ನೆಲಕ್ಕೆ ಹೋಗುವುದು ಬೇರೆಯ ರೋಗ.

“ಮಾಷ್ಟ್ರೇ, ಈ ಆಯಿಲು ಗಾಡಿ ಹುಟ್ಟಿದಾಗ ಹಾಕಿದ್ದೇ ಇರಬೇಕು” ಎಂದು ಮೇಸ್ತ್ರಿಗಳು ಬಾಟಲಿಗೆ ಇಳಿಸಿಕೊಂಡ ದ್ರವವನ್ನು ಬಿಸಿಲಿಗೆ ಹಿಡಿದರು. ಕಡುಕಂದು ಬಣ್ಣದ ಕಷಾಯ. ತಳದಲ್ಲಿ ಕರಿಯ ಮಡ್ಡಿ.

ಬ್ರೇಕ್ ಆಯಿಲೆಂದು ನಾವು ಕರೆಯುವ ಆ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯದೆ ನಿಲ್ಲಬೇಕೆಂಬುದು ನಿಯಮ. ಅದೇ ದ್ರವವು ಶೇಕಡ 3.7ರಷ್ಟು ನೀರನ್ನು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುವುದು. ಡಾಟ್ 4 ಆದರೆ 230 ಮತ್ತು 155. ಆಷಾಢದಲ್ಲಿ ಉಪ್ಪು ತಾನಾಗಿ ಕರಗುವ ನಮ್ಮ ಕರಾವಳಿಯ ಹವೆಯಲ್ಲಿ ಆ ದ್ರವವು ನೀರು ಕುಡಿಯಲು ಬಹಳ ವರ್ಷಗಳು ಬೇಕಿಲ್ಲ. ಕುದಿದಾಗ ಆವಿಯ ಗುಳ್ಳೆಗಳೇಳುವುವು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ ಚಕ್ರವನ್ನು ತಲುಪದು. ಆರಿದ ಮೇಲೆ ಆವಿ ಮರಳಿ ದ್ರವವಾಗುವುದು, ಪೆಡಲು ಗಟ್ಟಿಯಾಗುವುದು, ಆಗ ಗ್ಯಾರೇಜಿನಲ್ಲಿ ಪರೀಕ್ಷಿಸಿದವರಿಗೆ ದೋಷವೇ ಕಾಣಿಸದು. ಘಾಟಿಯ ಅಪಘಾತಗಳಲ್ಲಿ ಬ್ರೇಕ್ ‘ಫೇಲ್’ ಆಯಿತೆಂಬ ಚಾಲಕನ ಮಾತನ್ನು ಸುಳ್ಳೆಂದು ತಳ್ಳಿಹಾಕುವವರು ಇದನ್ನು ತಿಳಿದಿರುವುದು ನ್ಯಾಯ.

ಅಂದು ಕೊಳವೆಗಳನ್ನು ತೊಳೆದು, ಮಾಸ್ಟರ್ ಸಿಲಿಂಡರಿಗೂ ವೀಲ್ ಸಿಲಿಂಡರುಗಳಿಗೂ ಹೊಸ ರಬ್ಬರ್ ಕಿಟ್ಟುಗಳನ್ನು ಹಾಕಿ, ಉಬ್ಬಿದ್ದ ಹೋಸುಗಳನ್ನು ಬದಲಾಯಿಸಿದರು. ಮರುವರ್ಷದಿಂದ ಆಯಿಲು ಬದಲಿಸುವ ಕೆಲಸ ನಮ್ಮ ಅಂಗಳದಲ್ಲೇ ನಡೆಯತೊಡಗಿತು. ದೂರದ ಹಿಂಚಕ್ರದಿಂದ ಆರಂಭಿಸಿ ಒಂದೊಂದೇ ಚಕ್ರದ ನಿಪ್ಪಲನ್ನು ಸಡಿಲಿಸಿ ಗಾಳಿ ತೆಗೆಯಬೇಕು. ನಾನು ಚಾಪೆ ಹಾಸಿ ಕಾರಿನ ಪಕ್ಕದಲ್ಲಿ ಮಲಗಿ ‘ಒತ್ತು’, ‘ಹಿಡಿ’, ‘ಬಿಡು’ ಎಂದು ಕೂಗುತ್ತಿದ್ದೆನು, ಪೆಡಲಿನ ಬಳಿ ನನ್ನ ಮಡದಿ. ಒಲೆಯ ಮೇಲೆ ಸಾಂಬಾರು ಇಟ್ಟು ಬಂದಿದ್ದ ಆಕೆ, “ಇದಾ, ಇನ್ನೆಷ್ಟು ಸರ್ತಿ ಒತ್ತೆಕ್ಕು?” ಎಂದು ಕೇಳುತ್ತಿದ್ದಳು, ಬಾಟಲಿಯೊಳಗೆ ಗುಳ್ಳೆ ಬರುವುದು ನಿಲ್ಲುವವರೆಗೂ ಒತ್ತಬೇಕೆಂಬ ಉತ್ತರ ಆಕೆಗೆ ಎಂದೂ ಸಮಾಧಾನ ತಂದಿಲ್ಲ. ಆದರೆ ಗುಳ್ಳೆ ನಿಂತುಹೋದ ಕ್ಷಣವನ್ನು ನನಗಿಂತ ಮೊದಲು ಅರಿಯುತ್ತಿದ್ದುದು ಆಕೆಯ ಕಾಲೇ.

ವಯಸ್ಸು ಏರಿದಂತೆ ಪೆಡಲು ಭಾರವೆನಿಸತೊಡಗಿತು. ಮೇಸ್ತ್ರಿಗಳು ಬೂಸ್ಟರನ್ನು ಜೋಡಿಸುವ ಪ್ರಸ್ತಾಪವೆತ್ತಿದರು. ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತವನ್ನು ಒಂದು ತಗಡಿನ ಗಡಿಗೆಯೊಳಕ್ಕೆ ತಂದು, ಅದರ ನಡುವಣ ಪರದೆಯ ಒಂದು ಬದಿಗೆ ಹೊರಗಿನ ವಾಯುಭಾರ ಬೀಳುವಂತೆ ಮಾಡಿ, ಕಾಲಿಗೆ ನೆರವಾಗುವ ಸಾಧನವದು. ಅದನ್ನು ಹಾಕಿಸಿಕೊಂಡವರು ತಮ್ಮ ಬ್ರೇಕಿನ ಬಲವೇ ಇಮ್ಮಡಿಯಾಯಿತೆಂದು ಹಿಗ್ಗುವುದನ್ನು ಕಂಡಿದ್ದೇನೆ. ಬಲ ಬರುವುದು ಕಾಲಿಗೆ; ಡ್ರಮ್ಮು ಹೊರಬಲ್ಲ ಶಾಖವಾಗಲಿ, ಟಯರಿಗೂ ರಸ್ತೆಗೂ ನಡುವಣ ಹಿಡಿತವಾಗಲಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಅಲ್ಲದೆ ಇಂಜಿನ್ನನ್ನು ಆರಿಸಿದರೆ ನಾಲ್ಕೈದು ಒತ್ತುಗಳಲ್ಲಿ ಗಡಿಗೆಯ ನಿರ್ವಾತ ಮುಗಿದು ಪೆಡಲು ಕಲ್ಲಾಗುವುದು. ಪೆಟ್ರೋಲು ಉಳಿಸುವ ಜಾಣರ ಗುಂಪು ಈ ಒಂದು ಸಂಗತಿಯಿಂದ ಸ್ವಲ್ಪ ಕರಗಿತೆಂದು ಕೇಳಿದ್ದೇನೆ.

ಡಿಸ್ಕಿನ ಯೋಗ ಬಂದುದು 1990ರ ದಶಕದ ಕೊನೆಯಲ್ಲಿ. ಬಯಲಿನಲ್ಲಿ ತಿರುಗುವ ಒಂದು ತಟ್ಟೆ, ಅದನ್ನು ಇಬ್ಬದಿಯಿಂದ ಚಿಮುಟುವ ಎರಡು ಪ್ಯಾಡುಗಳು: ಇಂಗ್ಲೆಂಡಿನ ಲ್ಯಾಂಚೆಸ್ಟರ್ ಇದಕ್ಕೆ 1902ರಲ್ಲೇ ಪೇಟೆಂಟ್ ಪಡೆದಿದ್ದನು, 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಜಗತ್ತು ಅದರತ್ತ ತಿರುಗಿತು. ನಮ್ಮ ದೇಶದಲ್ಲಿ ಪದ್ಮಿನಿಯ ತಯಾರಕರೇ 1985ರಲ್ಲಿ ಹೊರತಂದ 118 ಎನ್‌ಇ ಕಾರಿನ ಮುಂಚಕ್ರಗಳಿಗೆ ಡಿಸ್ಕ್ ಇದ್ದಿತು. ಆ ಕಾರುಗಳು ಹಳತಾಗಿ ಗುಜರಿ ಸೇರತೊಡಗಿದಾಗ ಪದ್ಮಿನಿಯವರ ಕಣ್ಣು ಅವುಗಳ ಮೇಲೆ ಬಿದ್ದಿತು. ಮುಂಬಯಿಯ ಹಳೆಯ ಗೆಳೆಯರ ಮೂಲಕ ಮೇಸ್ತ್ರಿಗಳು ಒಂದು ಜೊತೆಯನ್ನು ತರಿಸಿದರು. ತಂದುದನ್ನು ತಿರುಗಿಸಿ ಬಿಗಿದರೆ ಆಯಿತೆಂದು ನಾನೆಣಿಸಿದ್ದರೂ, ಅವರು ವಾರಗಟ್ಟಲೆ ಅದನ್ನು ಮೂಲೆಯಲ್ಲಿಟ್ಟು ಅಳೆಯುತ್ತಲೇ ಇದ್ದರು. ಡಿಸ್ಕಿಗೆ ಡ್ರಮ್ಮಿನಂತೆ ತನ್ನನ್ನು ತಾನೇ ಸೆಳೆದುಕೊಳ್ಳುವ ಗುಣವಿಲ್ಲ. ಆದುದರಿಂದ ಅದು ಹೆಚ್ಚಿನ ಒತ್ತಡವನ್ನೂ ಹೆಚ್ಚಿನ ಆಯಿಲನ್ನೂ ಬೇಡುವುದು. ಬೂಸ್ಟರು ಇರಲೇಬೇಕು, ಮಾಸ್ಟರ್ ಸಿಲಿಂಡರು ಬದಲಾಗಬೇಕು. ಡ್ರಮ್ಮಿನ ಕೊಳವೆಗಳಲ್ಲಿ ಸದಾ ಸ್ವಲ್ಪ ಒತ್ತಡವನ್ನು ಉಳಿಸಿಡುವ ಒಂದು ಪುಟ್ಟ ವಾಲ್ವು ಇರುವುದುಂಟು. ಅದನ್ನು ಹಾಗೆಯೇ ಬಿಟ್ಟರೆ ಪ್ಯಾಡುಗಳು ತಟ್ಟೆಯನ್ನು ಬಿಡದೆ ಸವರುತ್ತ, ಬ್ರೇಕು ಹಾಕದಿದ್ದರೂ ಕಾಯುತ್ತಲೇ ಇರುವುವು. ಇನ್ನು ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂಚಕ್ರಗಳು ಹಗುರಾಗುವುದರಿಂದ, ಹಿಂದಿನವು ಮೊದಲು ಕಚ್ಚಿಕೊಂಡರೆ ಕಾರು ಬುಗುರಿಯಾಗುವುದು. ಹಾಗಾಗದಂತೆ ಹಿಂದಿನ ಡ್ರಮ್ಮಿನ ಪಾಲೆಷ್ಟೆಂಬುದನ್ನು ಅವರು ಗ್ಯಾರೇಜಿನ ಹಿಂದಿನ ಪದವಿನಲ್ಲಿ ಓಡಿಸಿ, ನಿಲ್ಲಿಸಿ, ನೆಲದ ಮೇಲಣ ಗೆರೆಗಳನ್ನು ನೋಡಿ ತೀರ್ಮಾನಿಸಿದರು. ಒಂದು ಅಂಗವನ್ನು ಬದಲಿಸಹೊರಟವನು ಇಡೀ ವ್ಯವಸ್ಥೆಗೆ ಉತ್ತರ ಹೇಳಬೇಕೆಂಬ ತಿಳಿವಳಿಕೆ ಇಲ್ಲದ ಕೈಗೆ ಇಂತಹ ಕೆಲಸವನ್ನು ಕೊಡಲೇಬಾರದು.

ಆ ಮಳೆಗಾಲದಲ್ಲಿ ಪಳ್ಳತ್ತಡ್ಕದ ನೀರನ್ನು ದಾಟಿ ಬ್ರೇಕನ್ನೊತ್ತಿದಾಗ ಕಾರು ಒಂದೇ ಉಸಿರಿಗೆ ನಿಂತಿತು. ತಟ್ಟೆಯ ಮೇಲಣ ನೀರನ್ನು ಪ್ಯಾಡೇ ಒರೆಸಿಹಾಕುವುದು. ಘಾಟಿಯಲ್ಲಿಯೂ ಸುಟ್ಟ ವಾಸನೆ ಬರಲಿಲ್ಲ. ಆದರೂ ಕೇಳಿದವರಿಗೆ ನಾನು ಹೇಳುತ್ತ ಬಂದಿರುವ ಅಭಿಪ್ರಾಯ ಇದು: ಸಂಪಾಜೆಯ ಘಾಟಿಯಲ್ಲಿ ನನ್ನ ಕಾರಿಗೆ ಕೊರತೆಯಾಗಿದ್ದುದು ಡಿಸ್ಕಿನದಲ್ಲ, ಒಂದು ಡಬ್ಬಿ ಹೊಸ ಆಯಿಲಿನದು. ಲೈನರು, ಹೋಸು, ಕಿಟ್ಟು, ಆಯಿಲು, ಒಳ್ಳೆಯ ಟಯರು ಇಷ್ಟನ್ನು ಕಾಲಕಾಲಕ್ಕೆ ಬದಲಿಸಿದ ಹಳೆಯ ಡ್ರಮ್ಮಿನ ಕಾರು, ಹಳೆಯ ಆಯಿಲಿನ ಮೇಲೆ ಹೊಸ ಡಿಸ್ಕನ್ನು ಮೆರೆಯಿಸುವ ಕಾರಿಗಿಂತ ನಂಬಿಕೆಗೆ ಅರ್ಹ.

ಅಂದು ಯಾರೂ ಪ್ರಶ್ನಿಸದಿದ್ದ ಇಂತಹ ಮಾರ್ಪಾಡುಗಳು ಇಂದು ಅಷ್ಟು ಸುಲಭವಲ್ಲ. ವಾಹನವನ್ನು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ಬದಲಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಮಗನ ಕಾರಿನಲ್ಲಿ ಅದಿದೆ. ಚಕ್ರ ಕಚ್ಚಿಕೊಳ್ಳುವ ಮುನ್ನವೇ ಒತ್ತಡವನ್ನು ಸಡಿಲಿಸಿ ಮತ್ತೆ ಬಿಗಿಯುವ ಆ ಯಂತ್ರವು, ಬ್ರೇಕನ್ನು ಪೂರ್ತಿ ಒತ್ತಿರುವಾಗಲೂ ಸ್ಟಿಯರಿಂಗು ಮಾತು ಕೇಳುವಂತೆ ಮಾಡುತ್ತದೆ. ಆದರೆ ಅದು ಆಳುವುದೂ ಅದೇ ಆಯಿಲನ್ನು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಅವನ ಕಾರಿನ ಪುಸ್ತಕದಲ್ಲಿಯೂ ಬರೆದಿದೆ; ಆ ಪುಟವನ್ನು ಅವನು ಓದಿದುದು ನಾನು ತೆರೆದು ತೋರಿಸಿದ ಮೇಲೆ.

ನಮ್ಮ ಕಡೆ ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುವು, ಕೋಲ ನೇಮಗಳು ನಿಲ್ಲುವುವು, ಜನರು ಮಾಡಿಗೆ ಹಂಚು ಸರಿಪಡಿಸಿ ಸೌದೆ ಒಳಗಿಡುವರು. ಕಾರಿರುವ ಓದುಗರು ಆ ದಿನದೊಳಗಾಗಿ ಒಮ್ಮೆ ಗ್ಯಾರೇಜಿಗೆ ಹೋಗಿ ತಮ್ಮ ಬ್ರೇಕ್ ಆಯಿಲು ಯಾವ ವರ್ಷದ್ದೆಂದು ವಿಚಾರಿಸಲಿ. ಎರಡು ವರ್ಷ ಮೀರಿದ್ದರೆ ಬದಲಿಸಿಕೊಳ್ಳಲಿ. ಹೊಸ ಡಬ್ಬಿಯ ಮುಚ್ಚಳವನ್ನು ತಮ್ಮೆದುರಿನಲ್ಲಿಯೇ ತೆರೆಯಿಸಲಿ, ಏಕೆಂದರೆ ತೆರೆದಿಟ್ಟ ಡಬ್ಬಿಯ ಆಯಿಲು ಆಗಲೇ ನೀರು ಕುಡಿದಿರುತ್ತದೆ.